ಹೆಣ ಎಣಿಸುವವರ ಮುಂದೆ ಸೆಕೆಂಡು ಎಣಿಸಿ ಇಡೋಣ

'ಅತಿ ವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ...' ಈ ಸಾಲಿಲ್ಲದ ಅಪಘಾತದ ಎಫ್‌ಐಆರ್ ಇದುವರೆಗೆ ನಮ್ಮ ಕಣ್ಣಿಗೆ ಬಿದ್ದಿಲ್ಲ. ಲಾರಿ ಗುದ್ದಿದರೂ ಇದೇ ಸಾಲು, ಬೈಕು ಮೋರಿಗೆ ಬಿದ್ದರೂ ಇದೇ ಸಾಲು, ಕಬ್ಬಿನ ಟ್ರೇಲರ್ ಮಗುಚಿದರೂ ಇದೇ ಸಾಲು. ಮೊದಲು ಐಪಿಸಿ 279 ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್ 281 ಬಂತು. ಸೆಕ್ಷನ್ ಬದಲಾಯಿತು, ಸಾಲು ಬದಲಾಗಲಿಲ್ಲ. ಠಾಣೆಯ ರೈಟರ್ ಬರೆಯುತ್ತಾರೆ, ಮಾರನೇ ದಿನ ಪೇಪರಿನಲ್ಲಿ ಅದೇ ಬರುತ್ತದೆ, ವರ್ಷದ ಕೊನೆಗೆ ದಿಲ್ಲಿಯ ವರದಿಯಲ್ಲಿ ಅದೇ ಅಂಕಿಯಾಗಿ ಕೂರುತ್ತದೆ. ಎಷ್ಟು ವೇಗ ಅಂತ ಮಾತ್ರ ಯಾರೂ ಕೇಳುವುದಿಲ್ಲ. 50 ಇತ್ತಾ? 80 ಇತ್ತಾ? ಅಳೆದವರು ಯಾರು?

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇಕಡ 71ರಷ್ಟು ಸಾವಿಗೆ ಅತಿ ವೇಗವೇ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಈ ಅಂಕಿ ಬರುವುದು ಪೊಲೀಸರು ಕಳಿಸುವ ಮಾಹಿತಿಯಿಂದ. ಅಪಘಾತವಾದ ಹೊತ್ತಿನಲ್ಲಿ ನಿಮ್ಮೂರ ತಿರುವಿನಲ್ಲಿ ಯಾರಾದರೂ ಸ್ಪೀಡ್ ಗನ್ ಹಿಡಿದು ನಿಂತಿದ್ದರಾ? ನೀವೇ ಹೇಳಿ.

ವೇಗ ಕೊಲ್ಲುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಕೊಲ್ಲುತ್ತದೆ, ಅದರ ಲೆಕ್ಕ ಮುಂದೆ ಬರುತ್ತದೆ. ನಮ್ಮ ಜಗಳ ಇರುವುದು ಅಂಕಿಯಿಲ್ಲದ 'ಅತಿ ವೇಗ'ದ ಜೊತೆ. ಅದು ಎಲ್ಲರಿಗೂ ಅನುಕೂಲದ ಪದ. ತಪ್ಪೆಲ್ಲ ಡ್ರೈವರ್ ತಲೆಗೆ ಹೋಗುತ್ತದೆ. ಊರ ನಡುವೆ ಬಾಣದ ಹಾಗೆ ನೇರ ರಸ್ತೆ ಎಳೆದ ಎಂಜಿನಿಯರ್ ಉಳಿದುಕೊಳ್ಳುತ್ತಾರೆ, ದಿನಕ್ಕೆ ಇಷ್ಟು ಟ್ರಿಪ್ ಹೊಡೆಯಲೇಬೇಕು ಎಂದ ಕ್ರಷರ್ ಮಾಲೀಕ ಉಳಿದುಕೊಳ್ಳುತ್ತಾನೆ, ಶಾಲೆ ಮುಂದೆ ಒಂದು ಬೋರ್ಡೂ ಹಾಕದ ಇಲಾಖೆ ಉಳಿದುಕೊಳ್ಳುತ್ತದೆ.

ಒಂದು ಊರಿನವರು ಶಾಲೆ ಮುಂದೆ ಹಂಪ್ಸ್ ಬೇಕು, ಜಲ್ಲಿ ಟಿಪ್ಪರ್‌ಗಳ ವೇಗಕ್ಕೆ ಕಡಿವಾಣ ಬೇಕು ಎಂದು ಅರ್ಜಿ ಕೊಟ್ಟರು. ಎರಡು ಪುಟ ತುಂಬ 'ಅತಿ ವೇಗ', 'ಯಮವೇಗ', 'ಮಿಂಚಿನ ವೇಗ'. ಸಂಬಂಧಪಟ್ಟ ಕಚೇರಿಯಿಂದ ಹಿಂಬರಹ ಬಂತು: ವೇಗದ ಬಗ್ಗೆ ದಾಖಲೆ ಲಭ್ಯವಿಲ್ಲ, ಸದರಿ ಸ್ಥಳ ಬ್ಲ್ಯಾಕ್ ಸ್ಪಾಟ್ ಪಟ್ಟಿಯಲ್ಲೂ ಇಲ್ಲ. ಅರ್ಜಿ ಮುಕ್ತಾಯ.

ಬ್ಲ್ಯಾಕ್ ಸ್ಪಾಟ್ ಅಂದರೇನು ಗೊತ್ತಾ? ರಾಷ್ಟ್ರೀಯ ಹೆದ್ದಾರಿಗಳಿಗೆ ಕೇಂದ್ರ ಸಚಿವಾಲಯ ಮಾಡಿಕೊಂಡ ಅಳತೆ ಇದು. ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಹತ್ತು ಹೆಣ! ಒಂಬತ್ತು ಬಿದ್ದರೆ ಇನ್ನೊಂದಕ್ಕೆ ಕಾಯಿರಿ ಎಂದ ಹಾಗೆ. ನಿಮ್ಮೂರು ಪುಣ್ಯವಂತ ಊರು, ಇದುವರೆಗೆ ಎರಡೇ ಸಾವು ಎಂದಾದರೆ ಆ ಪಟ್ಟಿಯಲ್ಲಿ ನಿಮಗೆ ಜಾಗವಿಲ್ಲ.

ಹೆಣ ಬೀಳುವ ಮೊದಲೇ ಎಣಿಸಬಹುದಾದದ್ದು ಸೆಕೆಂಡು. ಅದಕ್ಕೆ ಸರ್ಕಾರದ ಯಂತ್ರ ಬೇಡ. ಒಂದು ಟೇಪು, ಒಂದು ಫೋನು, ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಗಣಿತ ಸಾಕು.

ಹತ್ತನೇ ತರಗತಿಯ ತ್ರಿಕೋನಮಿತಿಯ ಲೆಕ್ಕವೊಂದು ನೆನಪಿದೆಯಾ? ಗೋಪುರದ ಮೇಲೆ ನಿಂತವನಿಗೆ ನೇರ ರಸ್ತೆಯಲ್ಲಿ ಬರುವ ಕಾರು 30 ಡಿಗ್ರಿ ಅವನತ ಕೋನದಲ್ಲಿ ಕಾಣುತ್ತದೆ, ಆರು ಸೆಕೆಂಡಿನ ನಂತರ 60 ಡಿಗ್ರಿ. ಕಾರು ಗೋಪುರದ ಬುಡಕ್ಕೆ ಬರಲು ಇನ್ನೆಷ್ಟು ಹೊತ್ತು? ಉತ್ತರ ಮೂರು ಸೆಕೆಂಡು. ಕಾರಿನ ವೇಗ ಎಷ್ಟು ಎಂದು ಆ ಲೆಕ್ಕ ಕೇಳುವುದಿಲ್ಲ, ಗೋಪುರದ ಎತ್ತರ ಕೊಟ್ಟಿಲ್ಲವಲ್ಲ. ನಾವೇ ಕೊಟ್ಟು ನೋಡೋಣ. ಗೋಪುರದ ಬದಲು ಊರಿನ ಓವರ್‌ಹೆಡ್ ಟ್ಯಾಂಕು, ಎತ್ತರ 15 ಮೀಟರ್ ಎಂದಿಟ್ಟುಕೊಳ್ಳಿ. 30 ಡಿಗ್ರಿಯಲ್ಲಿ ಕಾರು ಟ್ಯಾಂಕಿನ ಬುಡದಿಂದ 26 ಮೀಟರ್ ದೂರ, 60 ಡಿಗ್ರಿಯಲ್ಲಿ 8.7 ಮೀಟರ್ ದೂರ. ಆರು ಸೆಕೆಂಡಿನಲ್ಲಿ ಓಡಿದ್ದು ಸುಮಾರು 17.3 ಮೀಟರ್. ಗಂಟೆಗೆ 10 ಕಿ.ಮೀ. ಚಿಲ್ಲರೆ! ನಮ್ಮ ಮೇಷ್ಟ್ರ ಸೈಕಲ್ಲು ಇದಕ್ಕಿಂತ ಜೋರು. ಪಠ್ಯಪುಸ್ತಕದ ಕಾರು ಕಾನೂನು ಪಾಲಿಸುತ್ತದೆ, ಹೊರಗಿನ ಟಿಪ್ಪರ್ ಪಾಲಿಸುವುದಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿಸಿದ ಈ ಲೆಕ್ಕವನ್ನು ಶಾಲೆಯ ಕಾಂಪೌಂಡಿನಾಚೆ ಹರಿಯುವ ರಸ್ತೆಗೆ ಯಾರೂ ಹಚ್ಚಿ ತೋರಿಸಲಿಲ್ಲ ಎಂಬುದು ನಮ್ಮ ಇನ್ನೊಂದು ಸಿಟ್ಟು.

ಮೊದಲು ತ್ರಿಕೋನ ಬಿಡಿ, ಬರೀ ಭಾಗಾಕಾರ ನೋಡಿ. ರಸ್ತೆ ಪಕ್ಕದಲ್ಲಿ 100 ಮೀಟರ್ ಅಳೆದು ಎರಡು ಗುರುತು ಮಾಡಿ. ವಾಹನದ ಮುಂದಿನ ಚಕ್ರ ಮೊದಲ ಗುರುತಿನಿಂದ ಎರಡನೇ ಗುರುತಿಗೆ ಬರಲು ಎಷ್ಟು ಸೆಕೆಂಡು? 360ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ಗಂಟೆಗೆ ಎಷ್ಟು ಕಿ.ಮೀ. ಎಂಬ ಲೆಕ್ಕ. 12 ಸೆಕೆಂಡಾದರೆ 30, 9 ಆದರೆ 40, 6 ಆದರೆ 60, ನಾಲ್ಕೂವರೆ ಆದರೆ 80. ಜಾಗ ಇಲ್ಲ, 50 ಮೀಟರೇ ಸಿಕ್ಕಿತು ಎಂದರೆ 180ನ್ನು ಭಾಗಿಸಿ. ಅಷ್ಟೇ ವಿದ್ಯೆ.

ದೂರ ಅಳೆಯಲು ಲೈಟು ಕಂಬಗಳನ್ನು ನಂಬಬೇಡಿ, ಕಂಬದಿಂದ ಕಂಬಕ್ಕೆ ಒಂದೇ ಅಂತರ ಇರುವುದಿಲ್ಲ. ಗಾರೆ ಮೇಸ್ತ್ರಿಯ ಹತ್ತಿರ 30 ಮೀಟರ್ ಟೇಪು ಸಿಗುತ್ತದೆ. ಅದೂ ಇಲ್ಲವಾ? ಗುಂಟೆ ಗೊತ್ತಿಲ್ಲದ ರೈತ ಯಾರಿದ್ದಾನೆ? ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಒಂದು ಬದಿ ಹೆಚ್ಚುಕಡಿಮೆ 10 ಮೀಟರ್. ಹತ್ತು ಗುಂಟೆ ಬದಿಯನ್ನು ಉದ್ದಕ್ಕೆ ಹಿಡಿದರೆ 330 ಅಡಿ, ಅಂದರೆ 100 ಮೀಟರಿಗೆ ಅರ್ಧ ಮೀಟರ್ ಜಾಸ್ತಿ. ಒಂದು ಗೇಣು ಬದುವಿಗೆ ಮೂರು ತಲೆಮಾರು ಕೋರ್ಟಿಗೆ ಅಲೆಯುವ ನಾವು, ಮಕ್ಕಳು ದಾಟುವ ರಸ್ತೆಯನ್ನು ಒಮ್ಮೆಯೂ ಅಳೆದಿಲ್ಲ.

ಈಗ ಮುಖ್ಯ ಎಚ್ಚರಿಕೆ. ಇಲ್ಲಿ ಎಡವಿದರೆ ನಿಮ್ಮ ಅರ್ಜಿಯನ್ನು ಎಂಜಿನಿಯರ್ ಎರಡು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಅವರು ಹರಿದದ್ದು ಸರಿಯೂ ಆಗಿರುತ್ತದೆ.

ರಸ್ತೆಯ ಈಚೆ ಒಂದು ಅಂಗಡಿ ಜಗುಲಿಯಲ್ಲಿ ಕೂತಿದ್ದೀರಿ. ಆಚೆ ಬದಿಯಲ್ಲಿ ಎರಡು ಕಂಬ, ನಡುವೆ ಸರಿಯಾಗಿ ಅಳೆದ 50 ಮೀಟರ್. ಟಿಪ್ಪರ್ ಮೊದಲ ಕಂಬಕ್ಕೆ ಅಡ್ಡ ಬಂದಾಗ ಸ್ಟಾಪ್‌ವಾಚ್ ಒತ್ತಿದಿರಿ, ಎರಡನೇ ಕಂಬಕ್ಕೆ ಅಡ್ಡ ಬಂದಾಗ ನಿಲ್ಲಿಸಿದಿರಿ. ಟಿಪ್ಪರ್ 50 ಮೀಟರ್ ಓಡಿತು ಎಂದು ಬರೆದುಕೊಂಡಿರಿ. ಓಡಿದ್ದು 50 ಮೀಟರ್ ಅಲ್ಲ! ಕಂಬಗಳು ನಿಮ್ಮಿಂದ 17 ಮೀಟರ್ ದೂರದಲ್ಲಿವೆ, ಟಿಪ್ಪರ್ ಹೋಗುತ್ತಿರುವುದು ನಿಮ್ಮಿಂದ 10 ಮೀಟರ್ ದೂರದ ಲೇನಿನಲ್ಲಿ. ನಿಮ್ಮ ಕಣ್ಣಿನಿಂದ ಎರಡು ಕಂಬಗಳಿಗೆ ಎರಡು ದಾರ ಎಳೆಯಿರಿ. ಆ ದಾರಗಳ ನಡುವಿನ ಅಗಲ ಕಂಬದ ಹತ್ತಿರ 50 ಮೀಟರ್, ಟಿಪ್ಪರ್ ಹೋಗುವ ಜಾಗದಲ್ಲಿ 29 ಮೀಟರ್ ಮಾತ್ರ. 50ನ್ನು 10ರಿಂದ ಗುಣಿಸಿ 17ರಿಂದ ಭಾಗಿಸಿ ನೋಡಿ, ಶಾಲೆಯಲ್ಲಿ ಓದಿದ ಸಮರೂಪ ತ್ರಿಭುಜ ಇದೇ. ಪರಿಣಾಮ ಏನು? ಪಾಪ, 40ರಲ್ಲಿ ಹೋಗುತ್ತಿದ್ದ ಡ್ರೈವರ್ ನಿಮ್ಮ ನೋಟ್‌ಬುಕ್ಕಿನಲ್ಲಿ 68 ಹೊಡೆದಿರುತ್ತಾನೆ. ಅವನನ್ನು ತಡೆದು ಗಲಾಟೆ ಮಾಡಿದ್ದರೆ ಯಾರ ತಪ್ಪು?

ಗುರುತು ನಿಮ್ಮ ಬದಿಯಲ್ಲಿದ್ದು ವಾಹನ ಆಚೆ ಲೇನಿನಲ್ಲಿ ಹೋದರೆ ಇದು ಉಲ್ಟಾ ಆಗುತ್ತದೆ. ವಾಹನ ಹೆಚ್ಚು ದೂರ ಓಡಿರುತ್ತದೆ, ನಿಮ್ಮ ಲೆಕ್ಕದಲ್ಲಿ ವೇಗ ಕಡಿಮೆ ಬರುತ್ತದೆ, ಜೋರಾಗಿ ಹೋದವನು ಪಾರಾಗುತ್ತಾನೆ.

ಇದಕ್ಕೆ ಎರಡು ದಾರಿ ಇವೆ. ಸುಲಭದ್ದು ಇಬ್ಬರು ನಿಲ್ಲುವುದು. ಒಬ್ಬೊಬ್ಬರು ಒಂದೊಂದು ಗುರುತಿಗೆ ನೇರ ಅಡ್ಡಕ್ಕೆ, ರಸ್ತೆ ಬಿಟ್ಟು ಒಳಗೆ ನಿಲ್ಲಬೇಕು. ಮೊದಲನೆಯವರು ಮುಂದಿನ ಚಕ್ರ ಗುರುತು ದಾಟಿದ ಕೂಡಲೇ ಎತ್ತಿ ಹಿಡಿದ ಟವೆಲ್ ಕೆಳಗಿಳಿಸಬೇಕು, ಎರಡನೆಯವರು ಅದನ್ನು ನೋಡಿ ವಾಚು ಒತ್ತಿ, ತಮ್ಮ ಗುರುತು ದಾಟಿದಾಗ ನಿಲ್ಲಿಸಬೇಕು. ಇಬ್ಬರೂ ಅಡ್ಡಕ್ಕೆ ನೇರ ನೋಡುತ್ತಿರುವುದರಿಂದ ವಾಹನ ಯಾವ ಲೇನಿನಲ್ಲಿದ್ದರೂ ದೂರ ಬದಲಾಗುವುದಿಲ್ಲ.

ಎರಡನೆಯದು ನಮಗೆ ಇಷ್ಟವಾದದ್ದು. ಒಬ್ಬರೇ ಸಾಕು, ಟೇಪು ಹಿಡಿದು ರಸ್ತೆಯುದ್ದ ಓಡಾಡಬೇಕಾಗಿಲ್ಲ. ಒಂದು ಚೌಕದ ಕಾಗದ ತಗೊಳ್ಳಿ. ಮೂಲೆಯಿಂದ ಎದುರು ಮೂಲೆಗೆ ಮಡಿಚಿ. ಮಡಿಕೆಯ ಗೆರೆ ಅಂಚಿನ ಜೊತೆ ಮಾಡುವುದು 45 ಡಿಗ್ರಿ. 45ರ ಟ್ಯಾನ್ ಎಷ್ಟು? ಒಂದು. ತ್ರಿಕೋನಮಿತಿಯಲ್ಲಿ ಬಡವರಿಗೆ ಬೇಕಾದದ್ದೆಲ್ಲ ಈ 'ಒಂದು' ಎಂಬುದರಲ್ಲಿದೆ. ರಸ್ತೆಯಿಂದ ಹೊಲದೊಳಗೆ ನೇರ ಅಡ್ಡಕ್ಕೆ ಹಿಂದೆ ಸರಿಯಿರಿ, ವಾಹನ ಓಡುವ ಲೇನಿನ ನಡುವಿನಿಂದ ನೀವು ನಿಂತಲ್ಲಿಗೆ 25 ಮೀಟರ್ ಇರಲಿ. ಸ್ಟೂಲಿನ ಮೇಲೆ ಕಾಗದ ಇಡಿ, ಒಂದು ಅಂಚು ರಸ್ತೆಗೆ ಸಮಾನಾಂತರ ಇರಬೇಕು. ಮಡಿಕೆಯ ಗುಂಟ ಎಡಕ್ಕೆ ನೋಡಿದಾಗ ರಸ್ತೆಯಲ್ಲಿ ಕಾಣುವ ಜಾಗ, ಕಾಗದ ತಿರುಗಿಸಿಟ್ಟು ಬಲಕ್ಕೆ ನೋಡಿದಾಗ ಕಾಣುವ ಜಾಗ, ಇವೆರಡರ ನಡುವಿನ ದೂರ 25 ಮತ್ತು 25, ಒಟ್ಟು 50 ಮೀಟರ್. ಆ ಎರಡು ದಿಕ್ಕಿಗೆ ಸ್ಟೂಲಿನ ಹತ್ತಿರವೇ ಒಂದೊಂದು ಕೋಲು ನೆಟ್ಟುಬಿಡಿ. ವಾಹನದ ಮುಂದಿನ ಚಕ್ರ ಎಡಗೋಲಿಗೆ ಬಂದಾಗ ಶುರು, ಬಲಗೋಲಿಗೆ ಬಂದಾಗ ಮುಗಿಯಿತು. 180 ಭಾಗಿಸು ಸೆಕೆಂಡು.

ಆಚೆ ಲೇನಿನ ವಾಹನಕ್ಕೆ? ಎರಡು ಲೇನಿನ ರಸ್ತೆಯಲ್ಲಿ ಒಂದು ಲೇನು ಮೂರೂವರೆ ಮೀಟರ್. ಹಾಗಾಗಿ ಆಚೆ ಲೇನು ನಿಮ್ಮಿಂದ 28.5 ಮೀಟರ್, ಓಡಿದ ದೂರ 57 ಮೀಟರ್. ಅದಕ್ಕೆ 180ರ ಬದಲು 205 ಹಾಕಿ. ಈ ಒಂದು ತಿದ್ದುಪಡಿ ಬಿಟ್ಟರೆ 70ರಲ್ಲಿ ಹೋದವನು 61 ಎಂದು ತೋರುತ್ತಾನೆ.

45 ಡಿಗ್ರಿಗೇ ಯಾಕೆ ನಿಲ್ಲಬೇಕು, ಇನ್ನೂ ಅಗಲಕ್ಕೆ ನೋಡಬಾರದಾ ಎಂದು ಗಣಿತ ಗೊತ್ತಿದ್ದವರು ಕೇಳಬಹುದು. ಕೋನ ಅಗಲವಾದಷ್ಟೂ ಕೈ ಅಲುಗಿದ್ದು ದುಬಾರಿಯಾಗುತ್ತದೆ. 25 ಮೀಟರ್ ದೂರ ನಿಂತು 45 ಡಿಗ್ರಿಯಲ್ಲಿ ಒಂದು ಡಿಗ್ರಿ ತಪ್ಪಿದರೆ ರಸ್ತೆಯ ಮೇಲೆ ಒಂದು ಮೀಟರಿಗಿಂತ ಕಡಿಮೆ ವ್ಯತ್ಯಾಸ. ಅದೇ 75 ಡಿಗ್ರಿಯಲ್ಲಿ ತಪ್ಪಿದರೆ ಆರು ಮೀಟರಿಗೂ ಮೀರುತ್ತದೆ.

ಇನ್ನು ಬೆರಳಿನ ತಪ್ಪು. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಕಾಲು ಸೆಕೆಂಡು ಆಚೀಚೆ ಆಗುವುದು ಸಹಜ. 0.3 ಸೆಕೆಂಡು ಎಂದೇ ಇಟ್ಟುಕೊಳ್ಳಿ. 60ರಲ್ಲಿ ಹೋಗುವ ವಾಹನಕ್ಕೆ 50 ಮೀಟರ್ ದಾಟಲು 3 ಸೆಕೆಂಡು, ಹಾಗಾಗಿ ನಿಮ್ಮ ಉತ್ತರ 55ರಿಂದ 67ರ ನಡುವೆ ಎಲ್ಲಾದರೂ ಇರಬಹುದು. 100 ಮೀಟರಿನಲ್ಲಿ ಈ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಟ್ಯಾಂಕಿನ ಮೇಲಿಂದ 17 ಮೀಟರ್ ಅಳೆಯಲು ಹೋದರೆ? 72ರಲ್ಲಿ ಬರುವ ಟಿಪ್ಪರ್ ಅದನ್ನು ಒಂದು ಸೆಕೆಂಡಿಗಿಂತ ಮೊದಲೇ ದಾಟಿರುತ್ತದೆ, ನಿಮ್ಮ ಅಂಕಿಗೆ ಕಿಮ್ಮತ್ತಿಲ್ಲ. ಪಠ್ಯದ ಗೋಪುರಕ್ಕೆ ನಮಸ್ಕಾರ ಹೇಳಿ ಕೆಳಗಿಳಿಯಿರಿ.

ಬೆರಳನ್ನು ನಂಬದವರಿಗೆ ವಿಡಿಯೊ ಇದೆ. ಫೋನನ್ನು ಅಲುಗಾಡದ ಹಾಗೆ ಇಟ್ಟು, ಎರಡೂ ಕೋಲು ಕಾಣುವಂತೆ ಚಿತ್ರೀಕರಿಸಿ. ಸಾಮಾನ್ಯ ವಿಡಿಯೊದಲ್ಲಿ ಸೆಕೆಂಡಿಗೆ 30 ಚಿತ್ರ ಇರುತ್ತವೆ. ಎಡಿಟಿಂಗ್ ಆ್ಯಪಿನಲ್ಲಿ ಒಂದೊಂದೇ ಚಿತ್ರ ಸರಿಸಿ ಎಣಿಸಿ. 50 ಮೀಟರಿಗೆ 90 ಚಿತ್ರ ಆಯಿತೆಂದರೆ 3 ಸೆಕೆಂಡು, ವೇಗ 60. ಎರಡು ಚಿತ್ರ ತಪ್ಪಿ ಎಣಿಸಿದರೂ ಶೇಕಡ ಎರಡರಷ್ಟೇ ವ್ಯತ್ಯಾಸ. ರೀಲ್ಸ್ ಎಡಿಟ್ ಮಾಡುವ ಹುಡುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರೇ ನಮಗೆ ಹೇಳಿಕೊಡುತ್ತಾರೆ.

ಇಷ್ಟೆಲ್ಲ ಯಾಕೆ, ಹತ್ತು ಕಿ.ಮೀ. ಆಚೀಚೆ ಆದರೆ ಏನು ಎನ್ನುವವರಿಗೆ ಒಂದು ಲೆಕ್ಕ. ಒಣ ಡಾಂಬರು, ಒಳ್ಳೆ ಟೈರು, ಕಂಡ ಒಂದು ಸೆಕೆಂಡಿಗೆ ಬ್ರೇಕು ಒತ್ತುವ ಡ್ರೈವರು ಎಂದಿಟ್ಟುಕೊಂಡರೆ 40ರಲ್ಲಿ ಬರುವ ಕಾರು ನಿಲ್ಲಲು 20 ಮೀಟರ್ ಬೇಕು, 60ರಲ್ಲಿ 37, 80ರಲ್ಲಿ 58. 30 ಮೀಟರ್ ಮುಂದೆ ಒಂದು ಮಗು ರಸ್ತೆಗೆ ಇಳಿಯಿತು. 40ರ ಕಾರು ಹತ್ತು ಮೀಟರ್ ಮೊದಲೇ ನಿಲ್ಲುತ್ತದೆ, ಡ್ರೈವರ್ ಬೈದು ಮುಂದೆ ಹೋಗುತ್ತಾನೆ. 60ರ ಕಾರು ಬ್ರೇಕು ಹಿಡಿದುಕೊಂಡೇ ಸುಮಾರು 35ರಲ್ಲಿ ಗುದ್ದುತ್ತದೆ. 80ರ ಕಾರು ಗುದ್ದುವಾಗಲೂ ಅದರ ವೇಗ 70! ಬ್ರೇಕು ಒತ್ತಿದ್ದಕ್ಕೂ ಒತ್ತದೇ ಇದ್ದದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇದು ಕಾರಿನ ಮಾತು. ಜಲ್ಲಿ ತುಂಬಿದ ಟಿಪ್ಪರಿನದು ನೀವೇ ಊಹಿಸಿ. ಸರಾಸರಿ ವೇಗ ಶೇಕಡ 1 ಏರಿದರೆ ಸಾವಿನ ಅಪಘಾತದ ಅಪಾಯ ಶೇಕಡ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ.

ಇನ್ನು ಕಚೇರಿಯಲ್ಲಿ ಬರುವ ತಕರಾರುಗಳು.

'ನಿಮ್ಮ ಸ್ಟಾಪ್‌ವಾಚಿಗೆ ಕಾನೂನಿನ ಮಾನ್ಯತೆ ಎಲ್ಲಿದೆ?' ಎಂದು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಒಬ್ಬ ಸಾಕ್ಷಿಯ ಬರೀ ಅಭಿಪ್ರಾಯದ ಮೇಲೆ ಅತಿ ವೇಗಕ್ಕೆ ಶಿಕ್ಷೆ ಕೊಡುವಂತಿಲ್ಲ, ಆ ಅಭಿಪ್ರಾಯಕ್ಕೆ ಯಾಂತ್ರಿಕ ಅಥವಾ ಎಲೆಕ್ಟ್ರಾನಿಕ್ ಸಾಧನದ ಅಂದಾಜಿನ ಆಧಾರ ಇರಬೇಕು. ಒಳ್ಳೆಯದು, ನಾವು ಯಾರಿಗೂ ಶಿಕ್ಷೆ ಕೊಡಿಸಲು ಹೊರಟಿಲ್ಲ. ಕೇಳುತ್ತಿರುವುದು ರಸ್ತೆಗೆ ಮದ್ದು. ಅದೇ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರ ಸುರಕ್ಷತೆಗೆ ಬೇಕೆನಿಸಿದರೆ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರ ಒಂದು ರಸ್ತೆಗೆ ಕಡಿಮೆ ವೇಗಮಿತಿ ಗೊತ್ತು ಮಾಡಿ ಬೋರ್ಡು ಹಾಕಿಸಬಹುದು. ಅರ್ಜಿ ಆ ಸೆಕ್ಷನ್ ಹೆಸರು ಹೇಳಿ ಕೇಳಲಿ. 'ನಿಮ್ಮ ಅಂಕಿ ಸರಿಯಿಲ್ಲ' ಎಂದರೆ 'ಹಾಗಾದರೆ ಸ್ಪೀಡ್ ಗನ್ ತಂದು ನೀವೇ ಅಳೆಯಿರಿ' ಎಂದು ಬರೆಯಿರಿ. ಅಂಕಿಗೆ ಅಂಕಿಯಿಂದ ಉತ್ತರ ಕೊಡಬೇಕಾಗುತ್ತದೆ. 'ಯಮವೇಗ'ಕ್ಕೆ ಅಂಥ ಉತ್ತರ ಕೊಡುವ ಅಗತ್ಯ ಯಾರಿಗೂ ಇಲ್ಲ.

ಅಂದ ಹಾಗೆ, ಆ ಗನ್ನೂ ತ್ರಿಕೋನಮಿತಿಗೆ ತಲೆಬಾಗುತ್ತದೆ. ನೇರ ಎದುರಿನಿಂದ ಹಿಡಿಯದೆ ಓರೆಯಿಂದ ಹಿಡಿದರೆ ಅದು ತೋರಿಸುವುದು ನಿಜವಾದ ವೇಗವನ್ನು ಆ ಕೋನದ ಕಾಸ್‌ನಿಂದ ಗುಣಿಸಿದ್ದನ್ನು. 20 ಡಿಗ್ರಿ ಓರೆಯಾದರೆ 80ರ ವಾಹನ 75 ಎಂದು ಕಾಣುತ್ತದೆ. ಹಾಗಂತ ಅದನ್ನು ಯಾರೂ ಎಸೆಯಲಿಲ್ಲ, ಕೋನ ಸರಿ ಮಾಡಿಕೊಂಡು ಬಳಸುತ್ತಾರೆ. ರಾಡಾರ್ ಬರುವ ಮೊದಲು ಇಂಗ್ಲೆಂಡಿನ ಪೊಲೀಸರ ಕೈಯಲ್ಲಿ ಇದ್ದದ್ದೂ ಅಳೆದ ದೂರ ಮತ್ತು ಸ್ಟಾಪ್‌ವಾಚು ಮಾತ್ರ. ಅವರು ಬೇಲಿಯಲ್ಲಿ ಅಡಗಿ ಕೂರುತ್ತಿದ್ದರೆಂದು ಕಾರಿನ ಮಾಲೀಕರು ಸೇರಿ 1905ರಲ್ಲಿ ಸಂಘವನ್ನೇ ಕಟ್ಟಿದರು, ಮುಂದೆ ಪೊಲೀಸರಿದ್ದಾರೆ ಎಂದು ಒಬ್ಬರಿಗೊಬ್ಬರು ಎಚ್ಚರಿಸಲು. ಇವತ್ತು ಅದೇ ದೇಶದ ಹಳ್ಳಿಗಳಲ್ಲಿ ಊರಿನವರೇ ಪೊಲೀಸರ ಒಪ್ಪಿಗೆಯಿಂದ ರಸ್ತೆ ಬದಿ ನಿಂತು ವೇಗ ಅಳೆಯುತ್ತಾರೆ, ಮೀರಿದವರಿಗೆ ಪೊಲೀಸರಿಂದ ಪತ್ರ ಹೋಗುತ್ತದೆ.

ಅಳೆದರೆ ಏನಾಗುತ್ತದೆ ಎಂದು ನಮ್ಮ ಸರ್ಕಾರಕ್ಕೂ ಗೊತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾಲು ಸಾಲು ಸಾವಾದವು. ಪೇಪರು, ಟಿವಿ ತುಂಬ ಗದ್ದಲವಾಯಿತು. ಸ್ಪೀಡ್ ಗನ್ ಬಂತು, ಕ್ಯಾಮೆರಾ ಬಂತು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯರಸ್ತೆ ಬಂದ್ ಆಯಿತು. ಸಾವು ಕಡಿಮೆಯಾಯಿತು ಎಂದು ಪೊಲೀಸರೇ ಹೇಳಿದರು. ಸಂತೋಷ. ಕಾರಿನವರು ಓಡಾಡುವ ರಸ್ತೆಯಲ್ಲಿ ಅಳೆಯಲು ಬರುತ್ತದೆ, ಕುರಿ ದಾಟುವ ರಸ್ತೆಯಲ್ಲಿ ಅಳೆಯಲು ಬರುವುದಿಲ್ಲವೇ?

'ಮಿತಿಯೇ ಎಷ್ಟೆಂದು ನಿಮಗೆ ಗೊತ್ತಾ?' ಎಂದರೆ ಇದನ್ನು ಹೇಳಿ. 2018ರ ಕೇಂದ್ರದ ಅಧಿಸೂಚನೆ ಪ್ರಕಾರ ಎಕ್ಸ್‌ಪ್ರೆಸ್‌ವೇ ಮತ್ತು ನಾಲ್ಕು ಲೇನಿನ ರಸ್ತೆ ಬಿಟ್ಟು ಉಳಿದ ರಸ್ತೆಗಳಲ್ಲಿ ಕಾರಿಗೆ 70, ಬಸ್ಸು, ಲಾರಿ, ಬೈಕಿಗೆ 60. ಇದು ಗರಿಷ್ಠ, ಊರೊಳಗೆ ಇದಕ್ಕಿಂತ ಕಡಿಮೆ ಗೊತ್ತು ಮಾಡಬಹುದು. ಟಿಪ್ಪರಿನದು ಇನ್ನೂ ಸ್ಪಷ್ಟ. ಡಂಪರ್, ಟ್ಯಾಂಕರ್, ಶಾಲಾ ಬಸ್ಸುಗಳ ಸ್ಪೀಡ್ ಗವರ್ನರ್ 60ಕ್ಕೆ ಕಟ್ಟಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅಂಥ ಒಂದು ಗಾಡಿ ನಿಮ್ಮ ಲೆಕ್ಕದಲ್ಲಿ ಮತ್ತೆ ಮತ್ತೆ 75 ತೋರಿಸಿತು ಎಂದರೆ ಪ್ರಶ್ನೆ ಡ್ರೈವರನ ಕಾಲಿನದಲ್ಲ, ಗವರ್ನರ್ ಬಿಚ್ಚಿಸಿದವರು ಯಾರು, ಅದಿಲ್ಲದೆ ಎಫ್‌ಸಿ ಮಾಡಿಕೊಟ್ಟವರು ಯಾರು ಎಂಬುದು.

ಈಗ ಮಾಲೀಕರ ವಿಷಯ. ಟಿಪ್ಪರ್ ಡ್ರೈವರ್ ನಮ್ಮ ನಿಮ್ಮ ಮನೆಯ ಹುಡುಗನೇ. ಟ್ರಿಪ್ಪಿಗೆ ಇಷ್ಟು ಎಂದು ದುಡ್ಡು ಸಿಗುವವನು ಓಡಿಸುತ್ತಾನೆ. ಅದೇ 183ನೇ ಸೆಕ್ಷನ್ ಕೈಕೆಳಗಿನವನಿಂದ ಅತಿ ವೇಗದಲ್ಲಿ ಓಡಿಸುವವರಿಗೂ ದಂಡ ಹೇಳುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೇಗಮಿತಿ ಮೀರದೆ ಮುಟ್ಟಲಾಗದಂಥ ವೇಳಾಪಟ್ಟಿ ಹಾಕಿದರೆ ಅಥವಾ ಇಷ್ಟೊತ್ತಿನಲ್ಲಿ ಮುಟ್ಟಬೇಕು ಎಂದು ಹೇಳಿದರೆ ಅದೇ ಮೇಲ್ನೋಟದ ಸಾಕ್ಷ್ಯ ಎನ್ನುತ್ತದೆ. ಇದು ಕಾಯ್ದೆಯಲ್ಲಿ ಅಚ್ಚಾಗಿ ಕೂತಿದೆ. ಜಲ್ಲಿ ಟಿಪ್ಪರಿನ ಮಾಲೀಕರ ಮೇಲೆ ಇದನ್ನು ಬಳಸಿದ ಒಂದು ಸುದ್ದಿಯೂ ನಮ್ಮ ಜಿಲ್ಲೆಯಿಂದ ನಮ್ಮ ಕೈಗೆ ಬಂದಿಲ್ಲ.

ಅದಕ್ಕೆ ಬೇಕಾದ ಅಳತೆಗೆ ತ್ರಿಕೋನವೂ ಬೇಡ. ಒಂದೇ ರಸ್ತೆಯ ಎರಡು ಊರು, ನಡುವೆ 6 ಕಿ.ಮೀ. ಇಲ್ಲೊಬ್ಬರು, ಅಲ್ಲೊಬ್ಬರು. ನೆಟ್‌ವರ್ಕಿನಿಂದ ಸಮಯ ತಗೊಳ್ಳುವ ಎರಡೂ ಫೋನಿನ ಗಡಿಯಾರ ಒಂದೇ ಇರುತ್ತದೆ. ಒಂದು ಟಿಪ್ಪರ್ ಇಲ್ಲಿ ದಾಟಿದ ಹೊತ್ತು, ಅಲ್ಲಿ ದಾಟಿದ ಹೊತ್ತು ಬರೆದುಕೊಳ್ಳಿ. 5 ನಿಮಿಷವಾದರೆ ಸರಾಸರಿ 72. 300 ಸೆಕೆಂಡಿನಲ್ಲಿ ಎರಡು ಮೂರು ಸೆಕೆಂಡು ತಪ್ಪಿದರೂ ಲೆಕ್ಕಕ್ಕಿಲ್ಲ. ಡ್ರೈವರ್ ನಡುವೆ ಚಹಾಕ್ಕೆ ನಿಂತಿದ್ದರೆ ಸರಾಸರಿ ಇಳಿಯುತ್ತದೆ, ಏರುವ ಮಾತೇ ಇಲ್ಲ. ಆದ್ದರಿಂದ ಅವನಿಗೆ ಅನ್ಯಾಯವಾಗುವುದಿಲ್ಲ. ಒಂದು ಗಾಡಿಯಲ್ಲ, ಬೆಳಗಿನಿಂದ ಸಂಜೆವರೆಗೆ ಹೋದ ಎಲ್ಲ ಗಾಡಿಗಳನ್ನೂ ಬರೆಯಿರಿ. ಎಲ್ಲವೂ 70ರ ಆಸುಪಾಸು ಎಂದಾದರೆ ಅಲ್ಲಿ ಒಬ್ಬ ಕೆಟ್ಟ ಡ್ರೈವರ್ ಇಲ್ಲ, ಒಂದು ಕೆಟ್ಟ ಏರ್ಪಾಡು ಇದೆ.

ದಯವಿಟ್ಟು ಎರಡು ಕೆಲಸ ಮಾಡಬೇಡಿ. ಗಾಡಿ ನಂಬರನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಜನ ಸೇರಿಸಬೇಡಿ, ಕೊಡುವುದಾದರೆ ಠಾಣೆಗೆ ಬರವಣಿಗೆಯಲ್ಲಿ ಕೊಡಿ. ಸಿಟ್ಟಿಗೆ ರಾತ್ರೋರಾತ್ರಿ ಮಣ್ಣು, ಕಲ್ಲು ಸುರಿದು ಹಂಪ್ಸ್ ಹಾಕಬೇಡಿ. ಅದಕ್ಕೂ ಲೆಕ್ಕವಿದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಹಂಪ್ಸ್ 3.7 ಮೀಟರ್ ಅಗಲ, ನಡುವೆ ಕೇವಲ 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಿಲ್ಲಿನ ಹಾಗೆ ಇರಬೇಕು, 25 ಕಿ.ಮೀ. ವೇಗದಲ್ಲಿ ದಾಟಲು. ನಾವು ಹಾಕುವುದು ಒಂದು ಮೊಳ ಅಗಲದ ಗುಡ್ಡೆ. ಟಿಪ್ಪರಿಗೆ ಅದು ತಟ್ಟುವುದೂ ಇಲ್ಲ, ಹಾಲಿನ ಕ್ಯಾನು ಕಟ್ಟಿಕೊಂಡು ಕತ್ತಲಲ್ಲಿ ಬರುವ ಬೈಕಿನವನು ಸಾಯುತ್ತಾನೆ. ಆಗಲೂ ಎಫ್‌ಐಆರ್‌ನಲ್ಲಿ 'ಅತಿ ವೇಗ ಮತ್ತು ಅಜಾಗರೂಕತೆ' ಎಂದೇ ಬರುತ್ತದೆ.

ಅಳೆಯುವಾಗ ಸಮವಸ್ತ್ರದ ಮಕ್ಕಳನ್ನು ರಸ್ತೆ ಅಂಚಿಗೆ ನಿಲ್ಲಿಸಬೇಡಿ. ಹತ್ತನೇ ತರಗತಿಯ ಮಕ್ಕಳು ಕಾಂಪೌಂಡಿನ ಒಳಗಿಂದ 45 ಡಿಗ್ರಿ ಕಾಗದ ಹಿಡಿದರೆ ಸಾಕು, ಗಣಿತದ ಮೇಷ್ಟ್ರು ಒಪ್ಪಿದರೆ ಒಂದು ಮಧ್ಯಾಹ್ನದ ಪ್ರಾಜೆಕ್ಟ್ ಅದು. ಸಿಕ್ಕ ಸಿಕ್ಕ ಜೋರಿನ ಗಾಡಿಗಳನ್ನು ಮಾತ್ರ ಆರಿಸಿಕೊಳ್ಳಬೇಡಿ, ಸಾಲಾಗಿ ಬಂದ ಎಲ್ಲವನ್ನೂ ಬರೆಯಿರಿ, ನಿಧಾನ ಹೋದದ್ದನ್ನೂ. ಪುಟದ ಮೇಲೆ ತಾರೀಖು, ಹೊತ್ತು, ಮಳೆಯೋ ಬಿಸಿಲೋ, ಅಳೆದ ದೂರ, ಯಾರು ಎಲ್ಲಿ ನಿಂತಿದ್ದರು ಎಂಬ ಒಂದು ಚಿಕ್ಕ ನಕ್ಷೆ ಇರಲಿ. ಅದನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಅಂಕಿ ಸಮೇತ ಬರೆಸಿ, ಪಿಡಿಒ ಸಹಿ ಹಾಕಿಸಿ, ನಕಲು ತಗೊಳ್ಳಿ. ಒಂದು ನಕಲು ಅರ್ಜಿಗೆ, ಒಂದು ಠಾಣೆಗೆ. ಇನ್ನೊಂದರ ಫೋಟೊ ನಮಗೆ ಕಳಿಸಿ, ಸುದ್ದಿ ಮಾಡುವುದು ನಮ್ಮ ಕೆಲಸ. ಈ ಸಲ ತಲೆಬರಹದಲ್ಲಿ ಅಂಕಿ ಇರುತ್ತದೆ.